ಹುಲ್ಲಿನ ಮೇಲೆ ಊರುಗೋಲು

ಪಣಕಹಳ್ಳಿ, 9 ಡಿಸೆಂಬರ್ 2007, ಭಾನುವಾರ

ನಾನು ತೆಗೆದ ದಿಂಬಂ ಬೆಟ್ಟದ ಚಿತ್ರಕ್ಕೆ ತಾಳವಾಡಿಯ ಛಾಯಾಚಿತ್ರ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದಿದೆ, ಸ್ಟುಡಿಯೋ ರಂಗಸ್ವಾಮಿಯ ಹೆಸರಿನಲ್ಲಿ. ಸುದ್ದಿ ತಂದವಳು ತಂಗಿ ಅರ್ಚನ. ಬೆಳಿಗ್ಗೆ ಪ್ರದರ್ಶನದಲ್ಲಿ ಕಣ್ಣಾರೆ ನೋಡಿ ಬಂದಳು. ಪ್ರಿಂಟ್ ಹಾಕಲು ನಾನು ಸಿ.ಡಿ. ಕೊಟ್ಟದ್ದು ಅವನೊಬ್ಬನಿಗೇ.

ಮಧ್ಯಾಹ್ನ ಅವನ ಸ್ಟುಡಿಯೋಗೆ ಹೋಗಿ ಕೇಳಿದೆ. ಗಿರಾಕಿಗಳ ಮುಂದೆ ನಕ್ಕ. “ಬೆಟ್ಟ ನಿಮ್ಮಪ್ಪಂದೇನ್ಲಾ? ಯಾರ್ ಫೋಟೋ ಇಡುದ್ರೂ ಅಂಗೇ ಬತ್ತದೆ ಕಣ. ನಿಂದು ಅಂತ ಎಲ್ ಬರ್ದದೆ, ತೋರ್ಸು.”

ಪ್ರಶ್ನೆ ಸರಿಯಾದದ್ದೇ. ಸಂಜೆ ಕಂಪ್ಯೂಟರಿನಲ್ಲಿ ಆ ಚಿತ್ರದ ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿದೆ. ಆಕಾಶವನ್ನು ಕಪ್ಪಾಗಿಸಿ, ಹಸಿರಿದ್ದ ಭಾಗವನ್ನು ಮಾತ್ರ ಬೆಳಗಿಸುತ್ತ ಹೋದೆ. ಹುಲ್ಲು ಬೂದಿಯಂತೆ ಬೆಳ್ಳಗಾದಾಗ, ಬಣ್ಣದಲ್ಲಿ ಯಾರ ಕಣ್ಣಿಗೂ ಬೀಳದಿದ್ದ ನೆರಳು ಕೆಳಮೂಲೆಯಲ್ಲಿ ಎದ್ದು ಬಂತು. ಕ್ಯಾಮೆರಾ ಹಿಡಿದು ನಿಂತ ಮನುಷ್ಯ, ಅವನ ಕಂಕುಳಲ್ಲಿ ನನ್ನ ಊರುಗೋಲು. ರಂಗಸ್ವಾಮಿಗೆ ಎರಡು ಕಾಲೂ ನೆಟ್ಟಗಿವೆ.

ಒಳ್ಳೆಯ ಚಿತ್ರ ಬೇಕೆಂದರೆ ಆ ನೆರಳನ್ನು ಕತ್ತರಿಸಬೇಕು. ನಾನು ಅದನ್ನು ಇನ್ನಷ್ಟು ಕಪ್ಪಾಗಿಸಿದೆ.

“ಈಗ್ಲೇ ಸ್ಪರ್ಧೆ ನಡುಸೋರ್ಗೆ ಫೋನ್ ಮಾಡಿ ಏಳ್ಬುಡಣ್ಣ” ಎಂದಳು ಅರ್ಚನ. ಹೇಳಿದರೆ ಅವನ ಹೆಸರನ್ನು ಸದ್ದಿಲ್ಲದೆ ತೆಗೆಯುತ್ತಾರೆ. ಅಷ್ಟು ನನಗೆ ಸಾಲದು. ಹೆಂಡತಿ ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಅವನು ವೇದಿಕೆ ಹತ್ತಲಿ, ಶಾಲು ಹೊದೆಯಲಿ. ಎಲ್ಲರೂ ಚಪ್ಪಾಳೆ ತಟ್ಟಲಿ. ನನ್ನದು ಅಂತ ಎಲ್ಲಿ ಬರೆದಿದೆ ಎಂದು ಆಮೇಲೆ ಅವರೆಲ್ಲರ ಮುಂದೆಯೇ ತೋರಿಸುತ್ತೇನೆ.

ನಾಳೆ ಬೆಳಿಗ್ಗೆ ಚಾಮರಾಜನಗರಕ್ಕೆ ಹೋಗಿ ದೊಡ್ಡ ಪ್ರಿಂಟ್ ಹಾಕಿಸಬೇಕು. ಬಹುಮಾನ ವಿತರಣೆ ಮೂರು ಗಂಟೆಗೆ.