ಬೇಸಿಗೆಯ ಸಾಲು ಮುಚ್ಚಿ ಓದಿದಾಗ

ಜೂನ್ ೧೪, ಶನಿವಾರ
ಅಡುಗೆಮನೆಯ ಮೇಜಿನಿಂದ

ನನ್ನ ಗೊಣಗಿಗೆ,

ನೀನು ಕೇಳಿದ್ದಕ್ಕೆ ಅರ್ಧ ಉತ್ತರ ಬರೆದು, ಲಕೋಟೆಯನ್ನು ಅಂಟಿಸಿಯೂ ಬಿಟ್ಟಿದ್ದೆ. ಆ ಅರ್ಧ ಸುಳ್ಳೇನಲ್ಲ. ಓದಿದ್ದರೆ ನಿನಗೆ ಸಮಾಧಾನವೂ ಆಗುತ್ತಿತ್ತೇನೋ. ಉಳಿದದ್ದನ್ನು ನಾನು ಬಿಟ್ಟಿದ್ದೇನೆಂದು ನಿನಗೆ ಎಂದೂ ತಿಳಿಯುತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಅದನ್ನು ಹರಿದುಹಾಕಿ ಮೊದಲಿನಿಂದ ಬರೆಯಲು ಕೂತಿದ್ದೇನೆ. ಮನೆಮಾತಿನಲ್ಲಿ ಬರೆಯುತ್ತಿರುವುದಕ್ಕೂ ಕಾರಣವಿದೆ. ನಾನು ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಬರೆದರೆ ಎರಡನೇ ಸಾಲಿಗೇ ಕಚೇರಿಯ ಧಾಟಿ ಬಂದುಬಿಡುತ್ತದೆ.

ತಡವಾಯಿತು, ಕ್ಷಮಿಸು. ನಿನ್ನ ಪತ್ರ ಬಂದು ಎರಡು ವಾರವಾಗುತ್ತಾ ಬಂತು. ಬೇಸಿಗೆ ಶಿಬಿರದ ಬಾಗಿಲಲ್ಲೇ ಫೋನು ತೆಗೆದಿಟ್ಟುಕೊಳ್ಳುತ್ತಾರೆಂದು ತಿಳಿದಾಗ, ನಿನ್ನನ್ನು ಬಿಟ್ಟು ಬರುತ್ತಾ ನಾನು ನಗುತ್ತಲೇ, ‘ಒಳ್ಳೇದಾಯ್ತು, ಕೈಬರಹ ಸುಧಾರಿಸತ್ತೆ’ ಅಂದಿದ್ದೆ. ಈಗ ಆ ನಗು ನೆನಪಾದರೆ ಕಸಿವಿಸಿಯಾಗುತ್ತದೆ. ನಿಮ್ಮ ಶಿಬಿರದ ಕಚೇರಿಗೆ ಫೋನ್ ಮಾಡಬಹುದಿತ್ತು. ಮಾಡಿದರೆ ನಿನ್ನ ಹೆಸರಿನ ಮುಂದೆ ‘ಮನೆಯಿಂದ ಕರೆ’ ಎಂದು ಬರೆದುಕೊಳ್ಳುತ್ತಾರೆ. ನಮ್ಮ ಕಾಲೇಜಿನ ಕಚೇರಿಯಲ್ಲಿ ನಾವೂ ಹಾಗೇ ಮಾಡುತ್ತೇವೆ. ಅದಕ್ಕೇ ಕೈ ಬರಲಿಲ್ಲ.

ಮನೆಯ ಸುದ್ದಿ ಹೇಳುತ್ತೇನೆ. ನಿನ್ನ ಕೋಣೆಯ ಕಿಟಕಿಯ ಚಿಲಕ ಕೊನೆಗೂ ಸರಿಯಾಯಿತು. ಅಪ್ಪ ಒಂದು ಭಾನುವಾರವಿಡೀ ಕೂತು ಅದನ್ನು ಪೂರ್ತಿ ಕೆಡಿಸಿದ ಮೇಲೆ ಬಡಗಿಯನ್ನು ಕರೆಸಿದೆವು. ಅಪ್ಪನ ಕನ್ನಡಕದಂಗಡಿಯಲ್ಲಿ ವ್ಯಾಪಾರ ಜೋರಾಗಿದೆ. ಇಲ್ಲಿಯ ಜೂನ್ ರಜೆಯಲ್ಲಿ ಮಕ್ಕಳ ಕಣ್ಣು ತೋರಿಸುವವರೇ ಜಾಸ್ತಿಯಂತೆ. ಇಷ್ಟೇ ಸುದ್ದಿ. ನಿನ್ನ ಪ್ರಶ್ನೆಯನ್ನು ಮುಂದೂಡುತ್ತಿದ್ದೇನೆಂದು ನನಗೂ ಗೊತ್ತಾಗುತ್ತಿದೆ.

ಆ ಪ್ರಶ್ನೆ ನನಗೆ ಬಾಯಿಪಾಠವಾಗಿದೆ. ‘ಅಮ್ಮ, ಇಲ್ಲಿಗೆ ಬಂದಿದ್ರಿಂದ ಒಳ್ಳೆ ಕಾಲೇಜು ಸಿಗೋಕೆ ನಿಜವಾಗ್ಲೂ ಉಪಯೋಗ ಆಗತ್ತಾ? ನಿನಗೆ ಗೊತ್ತಿರತ್ತೆ. ಆಗತ್ತೆ ಅಂದ್ರೆ ಹಲ್ಲು ಕಚ್ಚಿಕೊಂಡು ಇರ್ತೀನಿ. ಇಲ್ಲ ಅಂದ್ರೆ ಬಂದು ಕರ್ಕೊಂಡು ಹೋಗು.’

ನನಗೆ ಗೊತ್ತಿರುತ್ತದೆ ಎಂದು ನೀನು ಅಂದುಕೊಂಡದ್ದು ತಪ್ಪಲ್ಲ. ಹದಿನಾರು ವರ್ಷದಿಂದ ಕಾಲೇಜಿನ ಪ್ರವೇಶ ವಿಭಾಗದಲ್ಲಿ ಬೇರೆಯವರ ಮಕ್ಕಳ ಅರ್ಜಿ ಓದುತ್ತಿದ್ದೇನೆ. ಆದರೂ ನನಗೆ ಗೊತ್ತಿರಲಿಲ್ಲ. ನೂರಾರು ಮಕ್ಕಳಲ್ಲಿ ಹತ್ತಿಪ್ಪತ್ತು ಮಂದಿಯನ್ನು ಮಾತ್ರ ಆರಿಸುವ ನಿಮ್ಮಂಥ ಶಿಬಿರದ ಹೆಸರು ಕಂಡರೆ ನಾವೆಲ್ಲ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತೇವೆ. ಆ ಮಗು ಒಳಗೆ ಬರುವುದು ಶಿಬಿರದಿಂದಲೋ, ಶಿಬಿರಕ್ಕೆ ಆಯ್ಕೆಯಾಗುವಂಥ ಮಗುವಾದ್ದರಿಂದಲೋ ಎಂದು ಯಾರೂ ಕೇಳಿಕೊಂಡಿರಲಿಲ್ಲ. ನಿನಗೆ ಊಹೆಯ ಉತ್ತರ ಕೊಡಬಾರದೆಂದು ನಾನು ಕೇಳಿಕೊಂಡೆ.

ಈಗ ನಮಗೆ ಬಿಡುವಿನ ಕಾಲ. ಹೊಸದಾಗಿ ಸೇರಿದ ಇಬ್ಬರಿಗೆ ಅರ್ಜಿ ಓದುವುದನ್ನು ಕಲಿಸುವ ಕೆಲಸ ನನ್ನದು. ಕಲಿಸುವ ಕ್ರಮ ಹೀಗೆ: ಹೋದ ವರ್ಷದ ಫೈಲುಗಳನ್ನು, ಆದ ತೀರ್ಮಾನ ಹೇಳದೆ ಕೊಟ್ಟು, ನೀವಾದರೆ ಯಾರನ್ನು ತಗೊಳ್ತೀರಿ ಎಂದು ಕೇಳುವುದು. ಈ ಸಲ ನಿಮ್ಮಂಥ ಶಿಬಿರಕ್ಕೆ ಹೋಗಿಬಂದವರ ಫೈಲುಗಳನ್ನೇ ಆರಿಸಿದೆ. ಬೇಸಿಗೆಯಲ್ಲಿ ಏನು ಮಾಡಿದಿರಿ ಎಂಬ ಸಾಲಿನ ಮೇಲೆ ಬಿಳಿ ಕಾಗದದ ಪಟ್ಟಿ ಅಂಟಿಸಿ ಒಂದು ಜೆರಾಕ್ಸ್, ಪಟ್ಟಿ ಇಲ್ಲದೆ ಒಂದು. ಒಬ್ಬರಿಗೆ ಮುಚ್ಚಿದ್ದು, ಇನ್ನೊಬ್ಬರಿಗೆ ತೆರೆದದ್ದು. ಆಮೇಲೆ ಬೇರೆ ಕಂತೆಯಲ್ಲಿ ಅದಲುಬದಲು.

ಮುಚ್ಚಿದಾಗಲೂ ಹೆಚ್ಚುಕಡಿಮೆ ಅದೇ ಮಕ್ಕಳು ಒಳಗೆ ಬಂದರು, ಅದೇ ಮಕ್ಕಳು ಹೊರಗುಳಿದರು. ಇಬ್ಬರೇ ಓದಿದ್ದು, ಒಂದೇ ಕಪಾಟಿನ ಫೈಲುಗಳು. ಇದನ್ನು ಸಂಶೋಧನೆ ಎಂದು ಯಾರ ಮುಂದೆಯೂ ಇಡಲಾರೆ. ಆದರೆ ನನ್ನ ಮನಸ್ಸಿಗೆ ಸಾಕಾಯಿತು. ಶಿಬಿರದವರು ನೋಡುವುದನ್ನೇ ನಾವೂ ನೋಡುತ್ತೇವೆ. ಅಪ್ಪನಿಗೆ ಹೇಳಿದರೆ, ‘ಎರಡು ಅಂಗಡಿಯವರು ಒಂದೇ ನಂಬರ್ ಕೊಟ್ರೆ ಕಣ್ಣು ಸುಧಾರಿಸ್ತು ಅಂತ ಅರ್ಥ ಅಲ್ಲ’ ಅಂದರು. ಹಾಗಾಗಿ ನಿನಗೆ ಉತ್ತರ, ಇಲ್ಲ. ನೀನು ಅಲ್ಲಿ ಉಳಿದಿರುವುದರಿಂದ ಹೆಚ್ಚೇನೂ ಆಗುವುದಿಲ್ಲ. ಮೊದಲು ಅಂಟಿಸಿದ ಲಕೋಟೆಯಲ್ಲಿ ಇಷ್ಟೇ ಇತ್ತು.

ಉಳಿದದ್ದು ಇದು. ಆ ಫೈಲುಗಳಲ್ಲಿ ಒಂದು ಹುಡುಗಿಯದಿತ್ತು. ಅವಳು ಶಿಬಿರವನ್ನು ಮಧ್ಯದಲ್ಲಿ ಬಿಟ್ಟು ಮನೆಗೆ ಹೋಗಿದ್ದಳು. ಸಾಲು ಮುಚ್ಚಿದ ಪ್ರತಿ ಓದಿದವನು ಅವಳನ್ನು ಮರುಮಾತಿಲ್ಲದೆ ತಗೊಂಡ. ಸಾಲು ಕಂಡವನು ಪಕ್ಕಕ್ಕಿಟ್ಟ. ಬಿಟ್ಟಿದ್ದಕ್ಕೆ ಕಾರಣವನ್ನೂ ಅವಳು ಬರೆದಿದ್ದಳು, ನ್ಯಾಯವಾದ ಕಾರಣವೇ. ‘ಕಾರಣ ಕೊಟ್ಟಿದಾಳಲ್ಲಪ್ಪ’ ಅಂದೆ. ಅವನು ಕೆಟ್ಟವನಲ್ಲ, ಮೃದು ಮಾತಿನವನು. ‘ಕೊಟ್ಟಿದಾಳೆ ಮೇಡಂ. ಆದ್ರೆ ಕಾರಣ ಕೊಡೋ ಅಗತ್ಯವೇ ಇಲ್ಲದವರು ಇಷ್ಟು ಜನ ಇದಾರಲ್ಲ’ ಅಂದ. ಆ ಮಾತನ್ನು ಅವನಿಗೆ ಕಲಿಸಿದ್ದು ನಾನೇ ಇರಬೇಕು.

ಅಂದರೆ ಅಲ್ಲಿದ್ದರೆ ಲಾಭವಿಲ್ಲ, ಬಿಟ್ಟು ಬಂದರೆ ನಷ್ಟವಿದೆ. ಹೋಗುವ ಮೊದಲು ಈ ಬಾಗಿಲು ತೆರೆದೇ ಇತ್ತು. ಒಳಗೆ ಕಾಲಿಟ್ಟ ಮೇಲೆ ಅದು ಹಿಂದಿನಿಂದ ಹಾಕಿಕೊಂಡಿತು.

ನಮ್ಮ ದೊಡ್ಡ ಮೇಡಂಗೆ ಹೇಳಿ ನೋಡಿದೆ. ತಾಳ್ಮೆಯಿಂದ ಕೇಳಿಸಿಕೊಂಡರು. ‘ಒಳ್ಳೆ ಕೆಲಸ ಮಾಡಿದೀರಿ. ಏನು, ಆ ಸಾಲೇ ತೆಗೆದುಬಿಡೋಣ ಅಂತೀರಾ?’ ಅಂದರು. ಹೌದೆಂದೆ. ‘ತೆಗೆದ್ರೆ ನಮ್ಮ ಕ್ಯಾಂಪಸ್ಸಲ್ಲೇ ನಡೆಯೋ ಶಿಬಿರಕ್ಕೆ ಯಾರು ಬರ್ತಾರೆ ಹೇಳಿ’ ಎಂದು ನಕ್ಕರು. ಎದ್ದು ಬರುವಾಗ, ‘ಅಂದಹಾಗೆ ನಿಮ್ಮ ಮಗಳು ಹೋಗಿದಾಳಲ್ವಾ, ಹೇಗಿದಾಳೆ?’ ಅಂತ ಕೇಳಿದರು. ‘ಚೆನ್ನಾಗಿದಾಳೆ’ ಅಂದೆ. ಎಷ್ಟು ಸಲೀಸಾಗಿ ಬಂತು ನೋಡು ಆ ಮಾತು.

ಮಹಡಿಯ ಮೇಲಿನ ಹಲ್ಲಿನ ಡಾಕ್ಟರು ಮೊನ್ನೆ ಮೆಟ್ಟಿಲ ಮೇಲೆ ನನ್ನನ್ನು ತಡೆದರು. ಮಗನನ್ನು ಮುಂದಿನ ಬೇಸಿಗೆಗೆ ತಯಾರು ಮಾಡುತ್ತಿದ್ದಾರಂತೆ. ‘ನಿಜ ಹೇಳ್ರೀ, ಅದಕ್ಕೆ ಹೋದ್ರೆ ಸೀಟು ಗ್ಯಾರಂಟಿನಾ?’

‘ಹಾಗೇನಿಲ್ಲ. ಅದರಿಂದ ಅಂಥ ವ್ಯತ್ಯಾಸ ಆಗಲ್ಲ’ ಅಂದೆ. ಧೈರ್ಯ ಮಾಡಿ ಹೇಳಿದ್ದೆ.

ಅವರು ಹುಬ್ಬೇರಿಸಿದರು. ‘ಹೌದೌದು. ಅದಕ್ಕೇ ನಿಮ್ಮ ಮಗಳನ್ನ ಕಳಿಸಿದೀರಾ. ಹೇಳಕ್ಕೆ ಇಷ್ಟ ಇಲ್ದಿದ್ರೆ ಬಿಡಿ, ನಾನೂ ಯಾರಿಗೂ ಹೇಳಲ್ಲ’ ಅಂತ ಮುಖ ದಪ್ಪ ಮಾಡಿಕೊಂಡು ಮೇಲೆ ಹೋದರು. ನಾನು ಏನು ಹೇಳಿದರೂ ಅವರಿಗೆ ಸಾಕ್ಷಿ ನೀನು. ಆ ಹುಡುಗನೂ ಹೋಗುತ್ತಾನೆ, ನೋಡುತ್ತಿರು.

ಅಪ್ಪನಿಗೆ ನನ್ನ ಮೇಲೆ ಸಿಟ್ಟು. ಅವರ ಸಿಟ್ಟು ನಿನಗೆ ಗೊತ್ತಲ್ಲ, ಪಾತ್ರೆ ತೊಳೆಯುವ ಸದ್ದಿನಲ್ಲೇ ತಿಳಿಯುತ್ತದೆ. ಬುಧವಾರ ಬಾಯಿಬಿಟ್ಟೇ ಹೇಳಿದರು. ‘ಮಗು ಬಂದು ಕರ್ಕೊಂಡು ಹೋಗು ಅಂತಿದೆ. ನೀನು ಪಟ್ಟಿ ಅಂಟಿಸ್ತಾ ಕೂತಿದೀಯಾ.’

‘ಅವಳು ಕೇಳಿದ್ದಕ್ಕೆ ಸರಿಯಾದ ಉತ್ತರ ಬೇಡ್ವಾ?’ ಅಂದೆ.

‘ಅವಳು ಕೇಳಿದ್ದು ಅದನ್ನಲ್ಲ ಮಾರಾಯ್ತಿ’ ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಅವರು ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳಲು ನನಗೆ ಮೂರು ದಿನ ಬೇಕಾಯಿತು. ಪೂರ್ತಿ ಒಪ್ಪಿದ್ದೇನೋ ಇಲ್ಲವೋ ಈಗಲೂ ಗೊತ್ತಿಲ್ಲ. ನೀನು ಆ ಪತ್ರದಲ್ಲಿ, ಊಟದ ಮನೆಯಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಯಾವ ಕಾಲೇಜು, ಯಾವ ಕಾಲೇಜು ಎಂದಷ್ಟೇ ಕೇಳುತ್ತಾರೆ, ಲೆಕ್ಕ ಬಿಡಿಸುವಾಗ ಯಾರೂ ತಪ್ಪು ಮಾಡುವುದಿಲ್ಲ, ಮಾಡಿದರೂ ತೋರಿಸಿಕೊಳ್ಳುವುದಿಲ್ಲ ಎಂದು ಬರೆದಿದ್ದೆ. ಬಟ್ಟೆ ಒಗೆಯುವ ಕೋಣೆಗೆ ಹೋಗಿ, ಯಂತ್ರ ಗಿರಗಿರ ತಿರುಗುವಾಗ ಅಳುತ್ತೇನೆ, ಆಗ ಯಾರಿಗೂ ಕೇಳಿಸುವುದಿಲ್ಲ ಎಂದೂ ಬರೆದಿದ್ದೆ. ಇಷ್ಟು ಓದಿದ ಮೇಲೂ ನಾನು ಫೈಲು ತಿರುವಿದೆ.

ಬರುವ ಭಾನುವಾರವಲ್ಲ, ಅದರಾಚೆಗಿನ ಭಾನುವಾರ, ಇಪ್ಪತ್ತೆರಡಕ್ಕೆ, ಮನೆಯವರನ್ನು ಒಳಗೆ ಬಿಡುತ್ತಾರಲ್ಲ, ಅವತ್ತು ಇಬ್ಬರೂ ಬರುತ್ತೇವೆ. ಅಪ್ಪ ಈಗಲೇ ಕಾರಿನ ಡಿಕ್ಕಿ ಖಾಲಿ ಮಾಡಿಟ್ಟಿದ್ದಾರೆ. ನೀನು ಪೆಟ್ಟಿಗೆ ಕಟ್ಟಿಕೊಂಡು ನಿಂತಿದ್ದರೆ ಹಾಕಿಕೊಂಡು ಹೊರಡುತ್ತೇವೆ, ಏಕೆ ಎಂದು ನಾನು ಕೇಳುವುದಿಲ್ಲ. ಇರುತ್ತೇನೆ ಎಂದರೆ ಸಂಜೆಯವರೆಗೆ ಜೊತೆಗಿದ್ದು ವಾಪಸಾಗುತ್ತೇವೆ. ನಮ್ಮ ಜೊತೆ ಬಂದರೆ, ಮಧ್ಯದಲ್ಲಿ ಬಿಟ್ಟಳು ಎಂಬ ಸಾಲು ನಿನ್ನ ಫೈಲಿನಲ್ಲೂ ಕೂರುತ್ತದೆ. ಯಾವುದೋ ಕಾಲೇಜಿನ ಓದುವ ಕೋಣೆಯಲ್ಲಿ ನನ್ನಂಥವಳೊಬ್ಬಳು ಅದರ ಮೇಲೆ ಕಣ್ಣಾಡಿಸಿ ತುಸು ಹಿಂದೆ ಒರಗುತ್ತಾಳೆ. ಅವಳನ್ನು ತಡೆಯುವುದು ನನ್ನ ಕೈಲಿಲ್ಲ. ಇದನ್ನು ನಿನ್ನಿಂದ ಬಚ್ಚಿಟ್ಟು, ಬಾ ಎಂದು ಕರೆಯುವುದೂ ನನ್ನಿಂದಾಗಲಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ತಲೆಗೆ ಎಣ್ಣೆ ಹಚ್ಚಿಕೋ, ಯಾರು ನಕ್ಕರೂ ಸರಿ. ಎಲ್ಲೇ ಇರು, ನಿನಗೆ ನೆಮ್ಮದಿಯ ನಿದ್ದೆ ಬರಲಿ. ನಿನ್ನ ತಲೆಯ ಮೇಲೆ ನನ್ನ ಕೈ ಇದೆ ಎಂದುಕೋ.

ನಿನ್ನ
ಅಮ್ಮ

ಮತ್ತೊಂದು ಮಾತು. ಇದನ್ನು ಹೇಳದಿದ್ದರೆ ಮೇಲಿನದೆಲ್ಲ ಬರೀ ವರದಿಯಾಗುತ್ತದೆ. ನಿನ್ನ ಪತ್ರ ಬಂದ ಸಂಜೆ ನಾನು ಅದನ್ನು ಕೈಯಲ್ಲಿ ಪೆನ್ಸಿಲ್ ಹಿಡಿದು ಓದಿದೆ. ಬೇಕೆಂದು ಹಿಡಿದದ್ದಲ್ಲ, ಕೈ ತಾನಾಗಿ ತಗೊಂಡಿತ್ತು. ಬಟ್ಟೆ ಒಗೆಯುವ ಯಂತ್ರದ ವಾಕ್ಯದ ಕೆಳಗೆ ಗೆರೆ ಎಳೆದೆ. ಕೊನೆಯಲ್ಲಿ, ಅರ್ಜಿಗಳಿಗೆ ಹಾಕುವ ಹಾಗೆ, ಮೂಲೆಯಲ್ಲಿ ಒಂದು ಅಂಕ ಹಾಕಿದೆ. ಒಳ್ಳೆಯ ಅಂಕವೇ. ಅಪ್ಪ ನೋಡಿ ಪತ್ರವನ್ನು ನನ್ನ ಕೈಯಿಂದ ತಗೊಂಡರು. ಅದಕ್ಕಿಂತ ಕೆಟ್ಟದ್ದು, ಆ ವಾಕ್ಯ ಅಷ್ಟು ಚೆನ್ನಾಗಿತ್ತೆಂದು ಒಂದು ಗಳಿಗೆ ನಿನ್ನ ಅಳುವನ್ನೇ ಅನುಮಾನಿಸಿದೆ, ಓದುವವರಿಗಾಗಿ ಬರೆದಿದ್ದಾಳೇನೋ ಎಂದು. ನನ್ನ ಮನೆಯಲ್ಲಿ ಬೆಳೆದ ಮಗುವಿಗೆ ಬೇರೆ ಥರ ಅಳುವುದು ಬರುತ್ತದೋ ಇಲ್ಲವೋ ಎಂದು ಹೆದರಿದೆ. ಪಟ್ಟಿ ಅಂಟಿಸಲು ಹೊರಟದ್ದು ಆಮೇಲೆ. ಇಪ್ಪತ್ತೆರಡರ ಭಾನುವಾರ ನೀನು ಏನೂ ಚೆನ್ನಾಗಿ ಹೇಳಬೇಕಾಗಿಲ್ಲ. ಮಾತೇ ಆಡದಿದ್ದರೂ ಸರಿ.

ಇವತ್ತು ಅಂಚೆ ಕಚೇರಿ ಮುಚ್ಚಿಯಾಯಿತು, ನಾಳೆ ರಜೆ. ಅಪ್ಪನ ಕೈಗೆ ಕೊಡದೆ ನಾನೇ ಹೋಗಿ ಹಾಕುತ್ತೇನೆ, ಜೂನ್ ೧೬, ಸೋಮವಾರ.