ರಂಗೂನಿಗೆ ಹೋಗಬೇಕಾದ ಹೆಸರು

ಸಗರ, ನವೆಂಬರ್ ೧೯೪೯

ಗುಲಬರ್ಗಾದ ಕಲೆಕ್ಟರ್ ಸಾಹೇಬರಿಗೆ ಸಗರದ ಸಾಯಬಮ್ಮನ ಶರಣು.

ರಂಗೂನಿನ ಅಕ್ಕಿ ಗಿರಣಿಗೆ ದುಡಿಯಾಕ ಹೋದ ನಮ್ಮ ಮನ್ಯಾವರನ್ನ ಹುಡುಕಸ್ರಿ ಅಂತ ಅರ್ಜಿ ಕೊಟ್ಟಿದ್ದೆ. ಅಂಥ ಮನುಷ್ಯಾ ಸಿಗಲಿಲ್ಲ ಅಂತ ನಿಮ್ಮ ಜವಾಬು ಬಂತು. ತಪ್ಪು ನಂದೇ ಅದರಿ. ಹೆಂಡತಿ ಗಂಡನ ಹೆಸರು ಹಿಡಿದರ ಅವನ ಆಯುಷ್ಯ ಕಡಿಮಿ ಆಗತದಂತ ನಮ್ಮತ್ತಿ ಹೇಳಿದ್ದಳು. ಅದಕ್ಕ ಮಗಳ ಹೆಸರಿನಿಂದ "ಮಲ್ಲಿಕಮ್ಮನ ಅಪ್ಪ" ಅಂತ ಬರಸಿದ್ದೆ. ಆರು ತಿಂಗಳು ನೀವು ಅಲ್ಲಿ ಮಲ್ಲಿಕಮ್ಮನ ಅಪ್ಪನ್ನ ಹುಡುಕೀರಿ.

ಬರ್ಮಾದಾಗ ಬಂಡಾಯ ಎದ್ದು ಊರು ಉರಿಯಾಕತ್ತಾವಂತ. ನಮ್ಮ ಹೊಸ ಸರಕಾರ ಅಲ್ಲಿಯ ಹೊಸ ಸರಕಾರಕ್ಕ ಬಂದೂಕು ಕೊಡತದ, ಎರಡೂ ಕೂಡಿ ಶಾಂತಿ ಮಾಡತಾವಂತ ಮಾಸ್ತರು ಪೇಪರ್ ಓದಿ ಹೇಳಿದರು. ಮಾಡಲಿ. ಹೋದ ವರ್ಷ ಪೊಲೀಸ್ ಆಕ್ಷನ್‌ದಾಗ ನಮ್ಮ ಕಡೀನೂ ಬಂದೂಕಿನಿಂದನ ಶಾಂತಿ ಆತು. ಅದನ್ನ ನೋಡಾಕ ನಮ್ಮ ಮೈದುನ ಉಳೀಲಿಲ್ಲ.

ಬಂದೂಕು ಹೋಗೋ ಹಡಗಿನ್ಯಾಗ ಈ ಕಾಗದಾನೂ ಕಳಸ್ರಿ. ಆ ಬಂದೂಕು ಹಿಡಿಯಾವರು ಗುಂಡು ಹಾರಿಸೂಕಿಂತ ಮೊದಲ ಎದುರಿದ್ದವರ ಹೆಸರು ಕೇಳಲಿ.

ನಮ್ಮ ಮನ್ಯಾವರ ಹೆಸರು ಖಂಡಪ್ಪ.

ಬದುಕಿದ್ದರ ಇದೊಂದು ಸಲ ತಡಕೋತಾರ. ಇನ್ನೊಮ್ಮೆ ನನ್ನ ಕೇಳಬ್ಯಾಡ್ರಿ.

ಹೆಬ್ಬೆಟ್ಟಿನ ಗುರುತು,
ಮಲ್ಲಿಕಮ್ಮನ ಅವ್ವ ಸಾಯಬಮ್ಮ