ಅಪ್ಪನ ಎಡಗಣ್ಣು

ನವೆಂಬರ್ 19, ಬೆಳಿಗ್ಗೆ

ಮತ್ತೆ ಅದೇ. ಬೆಳಕು ಹರಿಯುವ ಮೊದಲೇ ಅಪ್ಪ ಬಾಗಿಲು ಬಡಿದ. ಕಾಫಿ, ಬಾಳೆಕಾಯಿ ಬೇಯಿಸಿ ಕಿವುಚಿದ ಮಂಗೂ, ನಮ್ಮೂರು ಬನಿಯ ಹಳೇ ಮೈದಾನ. ಫೆಬ್ರವರಿಯಲ್ಲಿ ಅಮೆರಿಕದ ಬೇಸ್‌ಬಾಲ್ ಕ್ಯಾಂಪ್. ಈ ಸಲವೂ ಮೇಲಿನ ತಂಡಕ್ಕೆ ಏರದಿದ್ದರೆ ಕ್ಲಬ್‌ನವರು ಮನೆಗೆ ಕಳಿಸುತ್ತಾರೆ. ಪತ್ರಿಕೆಯವರಿಗೆ ನನ್ನ ಹೆಸರು ನೆಫ್ತಾಲಿ ಅಂತ ಗೊತ್ತೇ ಇಲ್ಲ. "ರದಾಮೇಸ್ ಪೆಗೆರೊ ಮಗ"— ಅಷ್ಟೇ. ಅಲ್ಲಿನ ದೊಡ್ಡ ಲೀಗಿನಲ್ಲಿ ಹದಿನಾಲ್ಕು ವರ್ಷ ಹೊಡೆದವನ ಮಗ.

ಇವತ್ತು ಅಪ್ಪನೇ ಚೆಂಡು ಎಸೆದ. "ಸೊಂಟ ತಿರುಗ್ಸೋ. ಅಜ್ಜಿ ಪೊರಕೆ ಹಿಡ್ದಂಗೆ ಹಿಡ್ದಿದೀಯಲ್ಲೋ." ಕೋಚ್ ಬಿಯೆನ್ವೆ ನಕ್ಕು ನಕ್ಕು ಕೆಮ್ಮಿದ.

ನವೆಂಬರ್ 22

ಬರೆಯಲು ಕೈ ಬರುತ್ತಿಲ್ಲ.

ಮೊನ್ನೆ ನಾನು ಹೊಡೆದ ಚೆಂಡು ಅಪ್ಪನ ಮುಖಕ್ಕೆ ಬಡಿಯಿತು. ನಾನು ಹೊಡೆದದ್ದು.

ಎಸೆಯುವವನ ಮುಂದೆ ಕಾವಲಿಗೆ ನೆಟ್ ಇರುತ್ತದೆ. ಎಸೆದ ತಕ್ಷಣ ಅದರ ಹಿಂದೆ ಸರಿಯಬೇಕು. ಅಪ್ಪ ಸರಿಯಲಿಲ್ಲ, ನನ್ನ ಕಾಲು ನೋಡುತ್ತ ನಿಂತ. ಈ ವರ್ಷವೆಲ್ಲ ಅಷ್ಟು ಚೆನ್ನಾಗಿ ಹೊಡೆದಿರಲಿಲ್ಲ. ಖುಷಿಯಾಯಿತು. ಅರೆಕ್ಷಣ, ನಿಜವಾಗಿ, ಖುಷಿಯಾಯಿತು. ಆಮೇಲೆ ಅಪ್ಪ ಮೊಣಕಾಲೂರಿ, ಗ್ಲೌಸಿನಿಂದ ಮುಖ ಮುಚ್ಚಿಕೊಂಡು...

ಬಿಯೆನ್ವೆ ಓಡಿದ. ನಾನು ಓಡಲಿಲ್ಲ. ಬ್ಯಾಟ್ ಹಿಡಿದು ನಿಂತೇ ಇದ್ದೆ.

ನವೆಂಬರ್ 25, ಆಸ್ಪತ್ರೆ

ಎಡಗಣ್ಣು ಹೋಯಿತು. ಡಾಕ್ಟರ್ ನನ್ನ ಕಡೆ ನೋಡದೆ ಅಮ್ಮನಿಗೆ ಹೇಳಿದರು. ಅಮ್ಮ ನನಗೆ, "ಮನೆಗ್ ಹೋಗಿ ಏನಾದ್ರೂ ತಿನ್ನಪ್ಪ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ 20

ಮೂಲೆ ಅಂಗಡಿ ಮುಂದೆ ಡಾಮಿನೊ ಆಡುವವರು. ನಾನು ಹೋದರೆ ಮಾತು ನಿಲ್ಲುತ್ತದೆ. ಇವತ್ತು ಒಬ್ಬ ನಿಲ್ಲಿಸಲಿಲ್ಲ. "ಹದಿನಾಲ್ಕು ವರ್ಷ ಎಂತೆಂಥ ಚೆಂಡೆಸೆಯೋರ್ಗೂ ರದಾಮೇಸನ್ನ ಬೀಳ್ಸಕ್ಕಾಗ್ಲಿಲ್ಲ. ಮಗ ಬೀಳ್ಸಿದ ನೋಡು." ಯಾರೂ ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ಮೈದಾನಕ್ಕೆ ಹೋದೆ. ಬಿಯೆನ್ವೆ ಎಸೆದ. ಚೆಂಡು ಕಾಣುತ್ತದೆ, ಅದರ ಹೊಲಿಗೆಯೂ ಕಾಣುತ್ತದೆ. ಕೈ ಮಾತ್ರ ಏಳುವುದಿಲ್ಲ.

"ಕ್ಲಬ್ಬಿನವ್ರು ಫೋನ್ ಮಾಡಿದ್ರು ಕಣೋ. ಏನ್ ಹೇಳ್ಲಿ?"

"ಬರಲ್ಲ ಅನ್ನು."

ಜನವರಿ 11

ಅಪ್ಪ ಮೈದಾನಕ್ಕೆ ಬಂದ. ಕಪ್ಪು ಕನ್ನಡಕ. ಯಾರೂ ಕರೆದಿರಲಿಲ್ಲ.

"ಚೆಂಡು ಕೊಡೋ ಇಲ್ಲಿ."

ಮೆಲ್ಲಗೆ ಎಸೆದೆ, ಮಗುವಿಗೆ ಎಸೆಯುವಂತೆ. ಗ್ಲೌಸ್ ಪಕ್ಕದಲ್ಲೆಲ್ಲೋ ಬರೀ ಗಾಳಿಯನ್ನು ಹಿಡಿದು ಮುಚ್ಚಿಕೊಂಡಿತು, ಚೆಂಡು ಎದೆಗೆ ತಗುಲಿ ಕೆಳಗೆ ಬಿತ್ತು. ಈ ಮನುಷ್ಯ ಚೆಂಡು ಬಿಟ್ಟಿದ್ದನ್ನು ನಾನು ಕಂಡೇ ಇಲ್ಲ. ಅಪ್ಪ ಗ್ಲೌಸನ್ನು ತಿರುಗಿಸಿ ತಿರುಗಿಸಿ ನೋಡಿದ, ಎಲ್ಲೋ ಹರಿದಿದೆಯೇನೋ ಅನ್ನುವಂತೆ.

"ಹಿಡಿಯೋದು ಬಿಡು. ಬ್ಯಾಟ್ ತಗೋ."

"ಆಗಲ್ಲ ಅಪ್ಪ."

"ಕಣ್ ಹೋಗಿದ್ದು ನಂದು. ನಿಂಗೇನಾಗಿದೆ?"

ಎಸೆದ. ಸುಮ್ಮನೆ ನಿಂತೆ. ಮತ್ತೆ ಎಸೆದ, ಮತ್ತೆ ನಿಂತೆ. ಅಪ್ಪ ನೆಟ್ಟನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದ. "ನೀನ್ ಹೊಡಿಯಲ್ಲ ಅಂದ್ಮೇಲೆ ಇದ್ಯಾಕೆ ನಂಗೆ?"

ಬ್ಯಾಟ್ ಬಿಸಾಕಿ ಮನೆಗೆ ಬಂದೆ.

ಜನವರಿ 30

ದಿನಾ ಬರುತ್ತಾನೆ. ದಿನಾ ನೆಟ್ ತಳ್ಳುತ್ತಾನೆ. ಇವತ್ತು ನಾನೇ ಹೋಗಿ ಅದನ್ನು ಎಳೆದು ಅವನ ಮುಂದೆ ನಿಲ್ಲಿಸಿದೆ.

"ಇದ್ರ ಹಿಂದೆ ನಿಂತ್ರೆ ಹೊಡಿತೀನಿ. ಇಲ್ಲಾಂದ್ರೆ ಇಲ್ಲ."

"ಆಗ್ಲಿ ಯಜಮಾನ್ರೇ."

ಎಸೆದ. ಹೊಡೆದೆ. ಕೈ ತಾನಾಗಿ ಎದ್ದಿತು, ಹೇಗೆಂದು ಗೊತ್ತಿಲ್ಲ. ಚೆಂಡು ಬಲಗಡೆ ಗೋಡೆ ದಾಟಿ ರಸ್ತೆಗೆ ಬಿತ್ತು. ಎಲ್ಲೋ ಒಂದು ಮೋಟರ್‌ಬೈಕ್ ಬ್ರೇಕ್ ಹಾಕಿದ ಸದ್ದು. ಬಿಯೆನ್ವೆ ಟೋಪಿ ತೆಗೆದ. "ಕ್ಲಬ್ಬಿಗೆ 'ಬರಲ್ಲ' ಅಂತ ನಾನ್ ಹೇಳೇ ಇಲ್ಲ ಕಣೋ" ಅಂದ.

ಅಪ್ಪ ಬೇರೆ ಕಡೆ ತಿರುಗಿ ಆಕಾಶ ಹುಡುಕುತ್ತಿದ್ದ. ಕನ್ನಡಕ ತೆಗೆದ. ಇನ್ನೂ ಹುಡುಕುತ್ತಿದ್ದ.

"ಎಲ್ಲಿಗ್ ಹೋಯ್ತೋ, ನೆಫ್ತಾ?"

ಹತ್ತಿರ ಹೋಗಿ, ಭುಜ ಹಿಡಿದು ಗೋಡೆಯ ಕಡೆ ತಿರುಗಿಸಿ, "ಅಲ್ಲಿ ಅಪ್ಪ, ರಸ್ತೆಗೆ" ಅಂದೆ.